ಲಿವರ್‌ಗೆ ಕಾಫಿ ಬೇಕಾ? ಲೋಟದಲ್ಲೇ ಕುಡಿಯಿರಿ

ಈಗೀಗ ನಮ್ಮ ತೀರ್ಥಹಳ್ಳಿ ಕಡೆಯೂ ‘ಅಕ್ಕಾ, ಕಾಫಿ ಎನಿಮಾ ತಗೊಂಡ್ರೆ ಲಿವರ್ ಕ್ಲೀನ್ ಆಗತ್ತಂತೆ, ಹೌದಾ?’ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಹೆಚ್ಚಿನವರು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅನ್ನುವುದನ್ನು ಓದಿ ಹೆದರಿದವರು. ಎನಿಮಾ ಅಂದರೆ ಗುದದ್ವಾರದಿಂದ ಕರುಳಿಗೆ ನೀರು ಬಿಡುವುದು, ಇಲ್ಲಿ ನೀರಿನ ಬದಲು ಕಾಫಿ. ನಾನು ನರ್ಸ್ ಆಗಿ ರಿಟೈರ್ ಆದವಳು. ಹೆರಿಗೆ ವಾರ್ಡಿನಲ್ಲಿ ಸೋಪಿನ ನೀರಿನ ಎನಿಮಾ ಕೊಟ್ಟು ಕೊಟ್ಟು ಕೈ ಪಳಗಿದೆ. ಡಬ್ಬ, ರಬ್ಬರ್ ಕೊಳವೆ ಯಾವುದೂ ನನಗೆ ಹೊಸದಲ್ಲ. ಹಾಗಾಗಿಯೇ ಹೇಳುತ್ತಿದ್ದೇನೆ, ಕಾಫಿ ಎನಿಮಾದ ಕಿಟ್ ತರಿಸಬೇಡಿ. ಕಾಫಿ ಕುಡಿಯಿರಿ.

ಎನಿಮಾ ಇರುವುದು ಮಲ ಇಳಿಸುವುದಕ್ಕೆ. ಆ ನೀರು ದೊಡ್ಡ ಕರುಳಿನ ಕೆಳಭಾಗ ತೊಳೆದು ಹೊರಗೆ ಬರುತ್ತದೆ. ಲಿವರ್ ಇರುವುದು ಬಲಗಡೆ ಪಕ್ಕೆಲುಬಿನ ಅಡಿ. ಅಲ್ಲಿ ತೊಳೆಯುವಂಥ ಕೊಳೆಯೂ ಕೂತಿರುವುದಿಲ್ಲ. ಅಮೋನಿಯಾವನ್ನು ಯೂರಿಯಾ ಮಾಡಿ ಕಿಡ್ನಿಗೆ ಬಿಡುವುದು, ಬಿಲಿರುಬಿನ್ ಅನ್ನುವ ಹಳದಿ ತ್ಯಾಜ್ಯವನ್ನು ಪಿತ್ತದ ಜೊತೆ ಕರುಳಿಗೆ ಕಳಿಸುವುದು, ಇದೆಲ್ಲ ಅದು ತಾನೇ ಮಾಡಿಕೊಳ್ಳುತ್ತದೆ. ಫ್ಯಾಟಿ ಲಿವರ್‌ನಲ್ಲಿ ತುಂಬಿರುವುದು ಕೊಬ್ಬು. ಅದು ಜೀವಕೋಶದ ಒಳಗಿರುತ್ತದೆ, ಯಾವ ಕೊಳವೆಗೂ ಸಿಗುವುದಿಲ್ಲ.

ಕಾಫಿ ಎನಿಮಾವನ್ನು ಜನಪ್ರಿಯ ಮಾಡಿದ್ದು ಮ್ಯಾಕ್ಸ್ ಗರ್ಸನ್ ಅನ್ನುವ ಜರ್ಮನ್ ಮೂಲದ ಡಾಕ್ಟರು, ಅದೂ ಕ್ಯಾನ್ಸರ್ ಚಿಕಿತ್ಸೆಯ ಭಾಗವಾಗಿ. 1958ರಲ್ಲಿ ಪುಸ್ತಕವನ್ನೂ ತಂದರು. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವುದಕ್ಕೆ ಪುರಾವೆ ಮಾತ್ರ ಸಿಗಲಿಲ್ಲ. 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಪದೇ ಪದೇ ಕಾಫಿ ಎನಿಮಾ ತೆಗೆದುಕೊಂಡ ಇಬ್ಬರು ಸತ್ತ ವರದಿ ಬಂತು. ರಕ್ತದಲ್ಲಿ ಸೋಡಿಯಂ, ಪೊಟ್ಯಾಷಿಯಂನಂಥ ಲವಣಗಳು ಏರುಪೇರಾಗಿದ್ದವು. ಬಿಸಿ ಕಾಫಿ ಹಾಕಿಕೊಂಡು ಗುದದ್ವಾರದ ಒಳಗೆ ಸುಟ್ಟುಕೊಂಡವರಿದ್ದಾರೆ. ಕರುಳಿಗೆ ಉರಿಯೂತ ಬಂದವರೂ ಇದ್ದಾರೆ. ಹೃದಯ, ಕಿಡ್ನಿ ತೊಂದರೆ ಇರುವವರಿಗಂತೂ ಇದು ಬೇಡವೇ ಬೇಡ.

‘ಆಯುರ್ವೇದದಲ್ಲಿ ಬಸ್ತಿ ಇಲ್ವಾ?’ ಅಂತ ಕೇಳುತ್ತಾರೆ. ಇದೆ. ಅದನ್ನೂ ಗುದದ್ವಾರದಿಂದಲೇ ಕೊಡುತ್ತಾರೆ, ಆದರೆ ಅದು ಕಷಾಯ, ತೈಲದ್ದು. ವೈದ್ಯರು ಆಳು ನೋಡಿ ಕೊಡುವಂಥದ್ದು. ಕಾಫಿ ಬೀಜ ನಮ್ಮ ಪಕ್ಕದ ಗಿರಿಗೆ ಬಾಬಾ ಬುಡನ್ ಜೊತೆ ಬಂದದ್ದು 17ನೇ ಶತಮಾನದಲ್ಲಿ ಅನ್ನುತ್ತಾರೆ. ಚರಕನ ಕಾಲಕ್ಕೆ ಕಾಫಿ ಎಲ್ಲಿತ್ತು ಹೇಳಿ.

ಕಾಫಿ ಎನಿಮಾ ಆಗಲೇ ಮಾಡಿಕೊಂಡುಬಿಟ್ಟಿದ್ದರೆ ಬೈಯಿಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ. ರಕ್ತ ಬಿದ್ದರೆ, ಹೊಟ್ಟೆ ಗಟ್ಟಿಯಾಗಿ ನೋವು ಬಂದರೆ, ಎದೆ ಬಡಿದುಕೊಂಡರೆ, ತಲೆ ಸುತ್ತಿ ಸುಸ್ತಾದರೆ ಆಸ್ಪತ್ರೆಗೆ ಹೋಗಿ, ಏನು ಮಾಡಿಕೊಂಡೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಇನ್ನು ಕುಡಿಯುವ ವಿಷಯ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ, ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅದರಿಂದ ಕಾಫಿಯೇ ಔಷಧಿ ಅಂತ ಆಗುವುದಿಲ್ಲ, ಆದರೆ ಕುಡಿಯುವುದಕ್ಕೆ ಹೆದರಬೇಕಾಗಿಲ್ಲ.

ಚಿಕೋರಿ ಕಡಿಮೆ ಇರುವ ಪುಡಿ ತನ್ನಿ. ಫಿಲ್ಟರಿನ ಮೇಲಿನ ಬಟ್ಟಲಿಗೆ ಇಬ್ಬರಿಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಒತ್ತುವ ತಟ್ಟೆ ಇಡಿ, ಜಾಸ್ತಿ ಅದುಮಬೇಡಿ. ಕುದಿ ಬಂದ ನೀರನ್ನು ಒಂದು ನಿಮಿಷ ಆರಲು ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಸುತ್ತ ಸುರಿಯಿರಿ. ಅದು ಉಬ್ಬಿ ಇಳಿದ ಮೇಲೆ ಉಳಿದದ್ದು. ಡಿಕಾಕ್ಷನ್ ತೊಟ್ಟಿಕ್ಕಲು ಕಾಲು ಗಂಟೆ ಬೇಕು, ಮೇಲಿಂದ ಬಡಿದು ಅವಸರ ಮಾಡಿದರೆ ಗಷ್ಟೂ ಇಳಿಯುತ್ತದೆ. ಕೊಲೆಸ್ಟರಾಲ್ ಇರುವವರು ಪೇಪರ್ ಫಿಲ್ಟರ್ ಬಳಸಲಿ. ಪುಡಿ ಹಾಕಿ ಕುದಿಸಿ ಸೋಸದೇ ಕುಡಿದರೆ, ಅದರ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ.

ಸಕ್ಕರೆ ಬಿಡಿ. ಬೆಲ್ಲದ ಕಾಫಿ ಒಳ್ಳೆಯದು ಅನ್ನುವುದು ನಮ್ಮ ಮಲೆನಾಡಿನವರ ಸಮಾಧಾನ ಅಷ್ಟೇ, ಲಿವರ್‌ಗೆ ಎರಡೂ ಒಂದೇ. ದಿನಕ್ಕೆ ಎರಡು ಮೂರು ಲೋಟ ಸಾಕು. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು, ಅಂದರೆ ಅವರಿಗೆ ಒಂದೇ ಲೋಟ ಅಂದುಕೊಳ್ಳಿ. ಥೈರಾಯ್ಡ್ ಮಾತ್ರೆ ನುಂಗಿದ ಮೇಲೆ ಒಂದು ಗಂಟೆ, ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಎರಡು ಗಂಟೆಯಾದರೂ ಬಿಟ್ಟು ಕುಡಿಯಿರಿ.

ಫ್ಯಾಟಿ ಲಿವರ್ ನಿಜವಾಗಿ ಇಳಿಯುವುದು ತೂಕ ಇಳಿದರೆ. ತೂಕ ಜಾಸ್ತಿ ಇರುವವರು ಅದರಲ್ಲಿ ಶೇಕಡಾ 7ರಿಂದ 10 ಇಳಿಸಿದರೆ ಎಷ್ಟೋ ವಾಸಿ. ಕಡುಬು ಆರರ ಬದಲು ಮೂರು ಸಾಕು. ಕುಡಿತ ಪೂರ್ತಿ ಬಿಡಬೇಕು. ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಒಮ್ಮೆ ಮಾಡಿಸಿ.

ಮಳೆಗಾಲದಲ್ಲಿ ಗದ್ದೆ ತೋಟಕ್ಕೆ ಇಳಿಯುವವರಿಗೆ ಇನ್ನೊಂದು ಮಾತು. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣಿನ ಜೊತೆ ಮೂತ್ರ ಗಾಢ ಹಳದಿಯಾದರೆ ಅದು ಇಲಿ ಜ್ವರ ಇರಬಹುದು. ಆಗ ಕಾಫಿಯೂ ಬೇಡ, ಬೇರಿನ ಔಷಧಿಯೂ ಬೇಡ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಕೆಸರಿಗೆ ಇಳಿದಿದ್ದೆ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ.