ಆಗಾಗ ಹ್ಯಾಂಗ್ ಆಗುವ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಹೊಡೆಯುವ ಮುಂಚೆ ಏನೇನು ನೋಡಬೇಕು

ಹ್ಯಾಂಗ್ ಆಗುವ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದರೆ ಮೊದಲು ಸಿಗುವ ಸಲಹೆ ಹೆಚ್ಚಾಗಿ ಒಂದೇ: "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಸರಿಹೋಗುತ್ತೆ." ಸರಿಹೋಗುವುದೂ ಉಂಟು, ಒಂದೆರಡು ವಾರದ ಮಟ್ಟಿಗೆ. ಡಿಸ್ಕೇ ಕೆಡುತ್ತಿದ್ದರೆ ಹೊಸ ವಿಂಡೋಸ್ ಕೂರುವುದೂ ಅದೇ ಡಿಸ್ಕಿನ ಮೇಲೆ. ರ‍್ಯಾಮ್‌ನಲ್ಲಿ ದೋಷವಿದ್ದರೆ ಫಾರ್ಮ್ಯಾಟ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. "ಸುಮ್‌ಸುಮ್ನೆ ಸ್ಟ್ರಕ್ ಆಗುತ್ತೆ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇಷ್ಟೇ: ಅದು ಯಾವಾಗ, ಹೇಗೆ ನಿಂತಿತು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಹಾಗಾಗಿ ಮೊದಲು ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಒಂದು ಹಾಳೆ ಮತ್ತು ಪೆನ್ನು. ಪ್ರತಿ ಸಲ ನಿಂತಾಗಲೂ ಗಂಟೆ, ಎಷ್ಟು ಸೆಕೆಂಡ್, ಏನು ತೆರೆದಿತ್ತು, ಚಾರ್ಜರ್ ಹಾಕಿತ್ತೋ ಇಲ್ಲವೋ, ಫ್ಯಾನ್ ಜೋರಾಗಿತ್ತೋ, ತಾನೇ ಸರಿಹೋಯಿತೋ ಅಥವಾ ಪವರ್ ಬಟನ್ ಒತ್ತಿ ಹಿಡಿಯಬೇಕಾಯಿತೋ ಎಂದು ಬರೆಯಿರಿ. "ಮಂಗಳವಾರ 11.20, ಸುಮಾರು 40 ಸೆಕೆಂಡ್, ಬಾಣ ಓಡಾಡಿತು, ಕ್ಲಿಕ್ ಹಿಡಿಯಲಿಲ್ಲ, ಚಾರ್ಜರ್ ಇರಲಿಲ್ಲ, ತಾನೇ ಸರಿಯಾಯಿತು." ಈ ಒಂದು ಸಾಲು ಓದಿದರೆ ಸಾಕು, ಬಲ್ಲವರು ಡಿಸ್ಕಿನ ಕಡೆ ಬೆರಳು ತೋರಿಸುತ್ತಾರೆ. ಇಂಥ ನಾಲ್ಕೈದು ಸಾಲು ಕೂಡಿದ ಮೇಲೆ ಮುಂದಿನ ಕೆಲಸ.

ಅದಕ್ಕೂ ಮುಂಚೆ ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇದನ್ನು ನಾಳೆಗೆ ಬಿಡಬೇಡಿ. ಕೆಡುತ್ತಿರುವ ಡಿಸ್ಕಿನ ಮೇಲೆ ಓಡಿಸುವ ಪರೀಕ್ಷೆಯೇ ಅದಕ್ಕೆ ಕೊನೆಯ ಪೆಟ್ಟಾಗಬಹುದು.

ನಿಂತ ಗಳಿಗೆಯಲ್ಲಿ ಮಾಡಬೇಕಾದ ಮೂರು ಪರೀಕ್ಷೆ

ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಒಳಗೆ ವಿಂಡೋಸ್ ಇನ್ನೂ ಬದುಕಿದೆ, ಯಾವುದಕ್ಕೋ ಕಾಯುತ್ತಿದೆ. ದೀಪ ಅಲುಗದೆ, ಬಾಣವೂ ಅಲುಗದೆ, ಓಡುತ್ತಿದ್ದ ಹಾಡು ಒಂದೇ ಸ್ವರದಲ್ಲಿ "ಗ್ರ್ರ್" ಎಂದು ಸಿಕ್ಕಿಕೊಂಡರೆ ಯಂತ್ರ ಪೂರ್ತಿ ನಿಂತಿದೆ ಎಂದರ್ಥ. ಆಗ ಅನುಮಾನ ರ‍್ಯಾಮ್, ಬೋರ್ಡು, ಬಿಸಿ ಅಥವಾ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಮೇಲೆ.

ದೀಪ ಹತ್ತುತ್ತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮರುಚಾಲನೆ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಜೀವ ಬಂದರೆ ಗ್ರಾಫಿಕ್ಸ್ ಡ್ರೈವರೇ ಮೊದಲ ಆರೋಪಿ.

ಮೂರನೆಯದು ತಾಳ್ಮೆ. ಪವರ್ ಬಟನ್ ಒತ್ತುವ ಮುಂಚೆ ಗಡಿಯಾರ ನೋಡಿಕೊಂಡು ಎರಡು ನಿಮಿಷ ಕಾಯಿರಿ. ಅಷ್ಟರಲ್ಲಿ ತಾನೇ ಎಚ್ಚರಾದರೆ ಅದು ಪೂರ್ತಿ ಹ್ಯಾಂಗ್ ಅಲ್ಲ, ಕಾಯುವಿಕೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

ವಿಂಡೋಸ್ ತಾನೇ ಬರೆದಿಟ್ಟ ಡೈರಿ

ನಿಮ್ಮ ಹಾಳೆಯ ಹೊತ್ತುಗಳನ್ನು ಹಿಡಿದುಕೊಂಡು ಈವೆಂಟ್ ವ್ಯೂವರ್ ತೆರೆಯಿರಿ (ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿದರೆ ಪಟ್ಟಿಯಲ್ಲೇ ಇದೆ). ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಹೆದರಬೇಡಿ, ಚೆನ್ನಾಗಿರುವ ಲ್ಯಾಪ್‌ಟಾಪಿನಲ್ಲೂ ಕೆಂಪು, ಹಳದಿ ಗುರುತುಗಳ ಜಾತ್ರೆಯೇ ಇರುತ್ತದೆ. ನೀವು ನೋಡಬೇಕಾದದ್ದು ನಿಂತ ಹೊತ್ತಿನ ಆಚೀಚೆಯ ಎರಡು ನಿಮಿಷ ಮಾತ್ರ.

ಅಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕರ್ನಲ್-ಪವರ್ 41. ಇದನ್ನು ಹಿಡಿದುಕೊಂಡು ಪವರ್ ಸಪ್ಲೈ ಬದಲಿಸಿದವರಿದ್ದಾರೆ. ಅದು ಹೇಳುವುದು "ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಎಂದಷ್ಟೇ. ನೀವೇ ಬಟನ್ ಒತ್ತಿ ಹಿಡಿದು ಆರಿಸಿದ್ದರೂ 41 ಬರುತ್ತದೆ. ಅದು ಫಲ, ಕಾರಣವಲ್ಲ.

ನಿಜವಾಗಿ ಮಾತಾಡುವ ಸಂಖ್ಯೆಗಳು ಬೇರೆ. ಡಿಸ್ಕ್ ಹೆಸರಿನಲ್ಲಿ 7 ಬಂದರೆ ಡಿಸ್ಕಿನಲ್ಲಿ ಓದಲಾಗದ ಜಾಗವಿದೆ. 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು. 129 ಎಂದರೆ ಡಿಸ್ಕ್ ಉತ್ತರಿಸದೆ ಕೂತಿತ್ತು, ವಿಂಡೋಸ್ ಕಾದು ಸಾಕಾಗಿ ಅದನ್ನು ರೀಸೆಟ್ ಮಾಡಿತು. ಡಿಸ್‌ಪ್ಲೇ 4101 ಎಂದರೆ ಗ್ರಾಫಿಕ್ಸ್ ಡ್ರೈವರ್ ಮೂರ್ಛೆ ಹೋಗಿ ಎದ್ದಿದೆ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಎಬ್ಬಿಸಲು ಹೊರಡುತ್ತದೆ. ಡಬ್ಲ್ಯುಎಚ್‌ಇಎ ಎಂಬ ಹೆಸರಿನ ಸಾಲು ಯಂತ್ರಾಂಶದ್ದೇ ದೂರು. ಇವು ಯಾವುವೂ ಇಲ್ಲದೆ ಬರೀ 41 ಇದ್ದರೆ ಲಾಗ್ ಬರೆಯಲೂ ಪುರುಸೊತ್ತಿಲ್ಲದಂತೆ ಯಂತ್ರ ನಿಂತಿದೆ.

ಡಿಸ್ಕ್

ತಾನೇ ಸರಿಹೋಗುವ ಹ್ಯಾಂಗ್‌ಗಳಲ್ಲಿ ಮೊದಲು ಹಿಡಿದು ನೋಡಬೇಕಾದದ್ದು ಇದನ್ನೇ. ಬಾಣ ಓಡಾಡುತ್ತದೆ, ಏಕೆಂದರೆ ಬಾಣ ಓಡಿಸಲು ಡಿಸ್ಕ್ ಬೇಡ. ಸ್ಟಾರ್ಟ್ ಒತ್ತಿದರೆ ಮೆನುವಿನ ತುಣುಕನ್ನು ಡಿಸ್ಕಿನಿಂದ ತರಬೇಕು, ಡಿಸ್ಕ್ ಅದೇ ಹೊತ್ತಿಗೆ ಓದಲಾಗದ ಒಂದು ಸೆಕ್ಟರನ್ನು (ಡಿಸ್ಕಿನ ಚಿಕ್ಕ ತುಂಡು) ಮತ್ತೆ ಮತ್ತೆ ಓದಲು ಹೆಣಗುತ್ತಿರುತ್ತದೆ. ಉಳಿದ ಕೆಲಸಗಳೆಲ್ಲ ಅದರ ಹಿಂದೆ ಸಾಲು ನಿಲ್ಲುತ್ತವೆ. ಟಾಸ್ಕ್ ಮ್ಯಾನೇಜರ್ ಮೊದಲೇ ತೆರೆದಿಟ್ಟಿದ್ದರೆ ಈ ದೃಶ್ಯ ಕಣ್ಣಾರೆ ಕಾಣುತ್ತದೆ: ಡಿಸ್ಕ್ 100 ಶೇಕಡಾ ಎಂದು ತೋರಿಸುತ್ತಿರುತ್ತದೆ, ಕೆಳಗೆ ವೇಗ ಮಾತ್ರ ಸೆಕೆಂಡಿಗೆ 0 ಅಥವಾ ಕೆಲವೇ ಕೆಬಿ. ನೂರು ಶೇಕಡಾ ದುಡಿಮೆ, ಸೊನ್ನೆ ಸಾಗಾಟ. ಸೆಕೆಂಡಿಗೆ ನೂರಾರು ಎಂಬಿ ಸಾಗುತ್ತಾ 100 ತೋರಿಸಿದರೆ ಅದು ದೋಷವಲ್ಲ, ಅಪ್‌ಡೇಟೋ ಆಂಟಿವೈರಸ್ಸೋ ಕೆಲಸ ಮಾಡುತ್ತಿದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಮೇಲಿನ ನೀಲಿ "ಗುಡ್" ಚೌಕವನ್ನಷ್ಟೇ ನಂಬಬೇಡಿ, ಪಟ್ಟಿ ಓದಿ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ 05, ಸಿ5, ಸಿ6 ಈ ಮೂರು ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರುಗಳು, ಹ್ಯಾಂಗ್‌ಗೆ ನೇರ ಕಾರಣ ಇವೇ. ಸಿ7 ಏರುತ್ತಿದ್ದರೆ ಡಿಸ್ಕ್ ಅಲ್ಲ, ಅದರ ಕೇಬಲ್ ಅಥವಾ ಕನೆಕ್ಟರ್ ಸಡಿಲ. ಒಂದು ಎಚ್ಚರ: ಆ ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ. 10 ಎಂದು ಕಂಡರೆ ಅದು ಹದಿನಾರು. ಫಂಕ್ಷನ್ ಮೆನುವಿನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಬಹುದು. ಸಿ5 ವಾರದಲ್ಲಿ ಏರುತ್ತಿದ್ದರೆ ಚೌಕಾಸಿ ಬೇಡ, ಡಿಸ್ಕ್ ಬದಲಿಸಿ. ದೋಷ ಸರಿಪಡಿಸುವ ಚೆಕ್‌ಡಿಸ್ಕನ್ನು ಬ್ಯಾಕಪ್ ಆಗುವವರೆಗೆ ಓಡಿಸಬೇಡಿ.

ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಕಥೆ ಬೇರೆ. ಅಲ್ಲಿ ಆಯುಸ್ಸು ಚೆನ್ನಾಗಿದ್ದರೂ 129 ಬರಬಹುದು. ವಿದ್ಯುತ್ ಉಳಿಸಲು ಎಸ್‌ಎಸ್‌ಡಿಯನ್ನು ಮಲಗಿಸಲಾಗುತ್ತದೆ, ಕೆಲವು ಎಸ್‌ಎಸ್‌ಡಿಗಳು ಕರೆದಾಗ ತಟ್ಟನೆ ಏಳುವುದಿಲ್ಲ. ಬ್ಯಾಟರಿಯಲ್ಲಿದ್ದಾಗ, ಅದೂ ಸುಮ್ಮನೆ ಓದುತ್ತ ಕೂತಾಗ ನಿಲ್ಲುತ್ತದೆ, ಜೋರು ಕೆಲಸ ಕೊಟ್ಟಾಗ ನಿಲ್ಲುವುದಿಲ್ಲ ಎಂದರೆ ಇದೇ ಇರಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್, ಪಿಸಿಐ ಎಕ್ಸ್‌ಪ್ರೆಸ್, ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್. ಬ್ಯಾಟರಿ, ಚಾರ್ಜರ್ ಎರಡೂ ಕಡೆ ಆಫ್ ಮಾಡಿ ಮೂರು ದಿನ ನೋಡಿ. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಅಷ್ಟೇ. ಜೊತೆಗೆ ಎಸ್‌ಎಸ್‌ಡಿ ತಯಾರಕರ ಟೂಲ್ ಹಾಕಿ ಫರ್ಮ್‌ವೇರ್ (ಎಸ್‌ಎಸ್‌ಡಿಯ ಒಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಿ. ಅಗ್ಗದ ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿಸಿದರೂ ಬರೆಯುವಾಗ ನಿಂತು ನಿಂತು ಹೋಗುತ್ತದೆ. ಶೇಕಡಾ 15ರಷ್ಟಾದರೂ ಖಾಲಿ ಬಿಡಿ.

ರ‍್ಯಾಮ್: ಸಾಲದೋ, ಕೆಟ್ಟಿದೆಯೋ

ಸಾಲದಿದ್ದರೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ "ಕಮಿಟೆಡ್" ಎಂಬಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಎರಡನೆಯದನ್ನು ಮುಟ್ಟುವಷ್ಟು ಹತ್ತಿರ ಬಂದಾಗೆಲ್ಲ ನಿಲ್ಲುತ್ತಿದ್ದರೆ ತೀರ್ಪು ಸಿಕ್ಕಿತು. 4 ಜಿಬಿಯಲ್ಲಿ ವಿಂಡೋಸ್ 11, ಮೇಲೆ ಬ್ರೌಸರಿನ 20 ಟ್ಯಾಬ್ ಎಂದರೆ ಅದು ಏದುಸಿರು ಬಿಡದೆ ಇನ್ನೇನು ಮಾಡೀತು. ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ಆಫ್ ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಕಿವಿಗೆ ಬಿದ್ದರೆ ಬಿಟ್ಟುಬಿಡಿ, ಅದರಿಂದ ತೊಂದರೆ ಹೆಚ್ಚುತ್ತದೆ.

ಕೆಟ್ಟಿದ್ದರೆ ಪೂರ್ತಿ ಹ್ಯಾಂಗ್, ನಡುನಡುವೆ ನೀಲಿ ಪರದೆ, ಪ್ರತಿ ಸಲ ಬೇರೆ ಬೇರೆ ದೋಷದ ಹೆಸರು. ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್86 ಹಾಕಿ ಬೂಟ್ ಮಾಡಿ, ರಾತ್ರಿ ಓಡಲು ಬಿಡಿ. ನಾಲ್ಕು ಸುತ್ತು ಮುಗಿಯಬೇಕು, ತಪ್ಪುಗಳು ಸೊನ್ನೆ ಇರಬೇಕು. "ಒಂದೇ ಒಂದು ತಪ್ಪು ತಾನೆ" ಎನ್ನುವ ಹಾಗಿಲ್ಲ. ಎರಡು ಸ್ಟಿಕ್ ಇದ್ದರೆ ಒಂದನ್ನು ತೆಗೆದು ಓಡಿಸಿ, ಆಮೇಲೆ ಅದಲು ಬದಲು ಮಾಡಿ. ಸ್ಟಿಕ್ ಬದಲಾದರೂ ಅದೇ ಸ್ಲಾಟಿನಲ್ಲಿ ತಪ್ಪು ಬಂದರೆ ದೋಷ ಸ್ಲಾಟಿನದು. ತೆಗೆದಾಗ ಚಿನ್ನದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕರಾವಳಿ, ಮಲೆನಾಡಿನ ತೇವದಲ್ಲಿ ಎಷ್ಟೋ ಸಲ ಇಷ್ಟಕ್ಕೇ ಗುಣವಾಗುತ್ತದೆ. ಬಿಚ್ಚುವ ಮುಂಚೆ ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ.

ಬಿಸಿ ಮತ್ತು ಚಾರ್ಜರ್

ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ಹಾಕಿ ಸಿಪಿಯು ಉಷ್ಣತೆ ನೋಡಿ. ಜೋರು ಕೆಲಸದಲ್ಲಿ 80ರಿಂದ 90 ಡಿಗ್ರಿ ಲ್ಯಾಪ್‌ಟಾಪಿಗೆ ಹೊಸದಲ್ಲ. 95ರಿಂದ 100ಕ್ಕೆ ಹೋದರೆ ತನ್ನನ್ನು ಉಳಿಸಿಕೊಳ್ಳಲು ಅದು ವೇಗ ಇಳಿಸುತ್ತದೆ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಸುಮಾರು ಅಷ್ಟೇ ಬಿಸಿಯಾಗುತ್ತದೆ; ಬೆಂಗಳೂರಿನ ಡಿಸೆಂಬರಿನಲ್ಲಿ ಚೆನ್ನಾಗಿದ್ದದ್ದು ಕಲಬುರಗಿಯ ಮೇ ತಿಂಗಳಲ್ಲಿ ಕೈ ಕೊಡುವುದು ಹೀಗೆ. ಹಾಸಿಗೆಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಹಲ್ಲುಕಡ್ಡಿಯಿಂದ ತಡೆದು ಹಿಡಿಯಿರಿ, ಗಾಳಿಯ ರಭಸಕ್ಕೆ ಗಿರಗಿರನೆ ತಿರುಗಿದರೆ ಬೇರಿಂಗ್ ಹಾಳು. ಥರ್ಮಲ್ ಪೇಸ್ಟ್ ಒಂದೆರಡು ಅಕ್ಕಿಕಾಳಿನಷ್ಟು ಸಾಕು.

ಹ್ಯಾಂಗ್ ಎನ್ನುವುದಕ್ಕಿಂತ ಆಮೆ ನಡಿಗೆ, ಕೀಲಿ ಒತ್ತಿದ ಐದು ಸೆಕೆಂಡಿಗೆ ಅಕ್ಷರ ಮೂಡುವುದು, ಹೀಗಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ವೇಗ ನೋಡಿ. ಕೆಲಸವಿದ್ದರೂ 0.4ರಿಂದ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ದರೆ ಚಾರ್ಜರ್ ಕಿತ್ತು ನೋಡಿ. ತಕ್ಷಣ 2, 3ಕ್ಕೆ ಜಿಗಿದರೆ ತಪ್ಪು ಚಾರ್ಜರಿನದು ಅಥವಾ ಅದರ ಪಿನ್ನಿನದು. ತನ್ನದೇ ಚಾರ್ಜರ್ ಎಂದು ಗುರುತು ಸಿಗದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ವೇಗವನ್ನು ನೆಲಕ್ಕಿಳಿಸುತ್ತವೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿದೆ. ಅಲ್ಲಿಗೇ ನಿಲ್ಲಿಸಿ, ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ.

ಒಂದೆರಡು ಸೆಕೆಂಡಿನ ತಡವರಿಕೆ

ವಿಡಿಯೊ ತಡವರಿಸುತ್ತದೆ, ಧ್ವನಿ ಕಡಿದು ಕಡಿದು ಬರುತ್ತದೆ, ಒಂದೆರಡು ಸೆಕೆಂಡಿನಲ್ಲಿ ಸರಿ. ಎಎಂಡಿ ಕಂಪನಿಯ ರೈಜನ್ ಚಿಪ್ಪಿನ ಯಂತ್ರವಾದರೆ ಮೊದಲು ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ತಾರೀಕು ನೋಡಿ. ಚಿಪ್ಪಿನೊಳಗಿನ ಟಿಪಿಎಂ (ಭದ್ರತಾ ಕೀಲಿಗಳನ್ನು ಕಾಯುವ ಭಾಗ) ಬಯಾಸ್‌ನ ಮೆಮೊರಿಯ ಜೊತೆ ವ್ಯವಹರಿಸುವಾಗ ಇಂಥ ತಡವರಿಕೆ ಬರುತ್ತದೆ ಎಂದು 2022ರ ಮಾರ್ಚಿನಲ್ಲಿ ಎಎಂಡಿಯೇ ಒಪ್ಪಿಕೊಂಡಿತು, ಪರಿಹಾರ ಹೊಸ ಬಯಾಸ್‌ನಲ್ಲಿ ಬಂತು. ಬಯಾಸ್ ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರಿನ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಚಾರ್ಜರ್ ಹಾಕಿರಲಿ. ನಡುವೆ ಆರಿಸಬೇಡಿ.

ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ತಡವರಿಸಿದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ, ಯಾವ ಡ್ರೈವರ್ ಹೊತ್ತು ನುಂಗುತ್ತಿದೆ ಎಂದು ಹೆಸರು ತೋರಿಸುತ್ತದೆ. ಎಸಿಪಿಐ ಎಂದು ಬಂದರೆ ಡಿವೈಸ್ ಮ್ಯಾನೇಜರಿನ ಬ್ಯಾಟರೀಸ್ ಅಡಿಯಲ್ಲಿ ಕಂಟ್ರೋಲ್ ಮೆಥಡ್ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಡಿಸೇಬಲ್ ಮಾಡಿ. ತಡವರಿಕೆ ನಿಂತರೆ ಬ್ಯಾಟರಿಯ ಸ್ಥಿತಿ ಕೇಳುವಾಗಲೆಲ್ಲ ಯಂತ್ರ ನಿಲ್ಲುತ್ತಿದೆ. ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರಿನ ಹೆಸರು ಬಂದರೆ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಹೊಸದನ್ನು ತನ್ನಿ. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಅಪ್‌ಡೇಟ್ ಮಾಡುತ್ತೇವೆನ್ನುವ ತಂತ್ರಾಂಶಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ವಿಂಡೋಸೋ, ಯಂತ್ರವೋ

ಇಲ್ಲಿಗೂ ಗೊತ್ತಾಗದಿದ್ದರೆ ಎರಡು ಜರಡಿ ಉಳಿದಿವೆ. ಒಂದು ಕ್ಲೀನ್ ಬೂಟ್. ಸಿಸ್ಟಮ್ ಕಾನ್ಫಿಗರೇಷನ್ ತೆರೆದು ಸರ್ವಿಸಸ್‌ನಲ್ಲಿ ಮೈಕ್ರೋಸಾಫ್ಟಿನವನ್ನು ಮರೆಮಾಡಿ (ಇದನ್ನು ಮರೆತರೆ ಫಜೀತಿ), ಉಳಿದದ್ದನ್ನೆಲ್ಲ ಆರಿಸಿ ರೀಸ್ಟಾರ್ಟ್ ಮಾಡಿ. ಹ್ಯಾಂಗ್ ನಿಂತರೆ ಅರ್ಧದಷ್ಟನ್ನು ಮತ್ತೆ ಹಚ್ಚಿ ನೋಡಿ. ಹೀಗೆ ಅರ್ಧರ್ಧ ಮಾಡಿದರೆ 40 ಸರ್ವಿಸ್‌ಗಳಲ್ಲಿ ಕಳ್ಳನನ್ನು ಹಿಡಿಯಲು ಹೆಚ್ಚೆಂದರೆ 6 ಸುತ್ತು. ಎರಡು ಆಂಟಿವೈರಸ್ ಒಟ್ಟಿಗಿದ್ದರೆ ಇಷ್ಟೂ ಬೇಡ, ಒಂದನ್ನು ತೆಗೆಯಿರಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ರೀಸ್ಟಾರ್ಟ್ ಮಾಡಿದಂತಲ್ಲ: ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್‌ನಲ್ಲಿ ವಿಂಡೋಸಿನ ಒಳಭಾಗ ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ.

ಇನ್ನೊಂದು ಲೈವ್ ಪೆನ್‌ಡ್ರೈವ್. 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಎಂಬ ತಂತ್ರಾಂಶ ಬಳಸಿ ಉಬುಂಟು (ವಿಂಡೋಸ್ ಬದಲು ಓಡುವ ಲಿನಕ್ಸ್‌ನ ಒಂದು ಬಗೆ) ಹಾಕಿ, ಇನ್‌ಸ್ಟಾಲ್ ಮಾಡದೆ ಟ್ರೈ ಆಯ್ಕೆಯಲ್ಲಿ ಒಂದೆರಡು ದಿನ ಬಳಸಿ. ಅಲ್ಲೂ ಪೂರ್ತಿ ನಿಂತರೆ ವಿಂಡೋಸ್ ನಿರಪರಾಧಿ. ನಿಲ್ಲದಿದ್ದರೆ ಡಿಸ್ಕ್ ಅಥವಾ ವಿಂಡೋಸ್, ಫಾರ್ಮ್ಯಾಟಿಗೆ ಅರ್ಥ ಬರುವುದು ಡಿಸ್ಕ್ ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ. ಇಂಟೆಲ್‌ನ ಬೇ ಟ್ರೈಲ್ ಪೀಳಿಗೆಯ ಹಳೆಯ ಸೆಲೆರಾನ್‌ಗಳಲ್ಲಿ ಮಾತ್ರ ಈ ಸಾಕ್ಷಿ ನಡೆಯುವುದಿಲ್ಲ, ಅವು ಲಿನಕ್ಸ್‌ನಲ್ಲಿ ತಮ್ಮದೇ ಕಾರಣಕ್ಕೆ ಹ್ಯಾಂಗ್ ಆಗುವುದುಂಟು.

ಬೇರೆ ರ‍್ಯಾಮ್, ಬೇರೆ ಡಿಸ್ಕ್ ಹಾಕಿಯೂ ನಿಲ್ಲುತ್ತಿದ್ದರೆ, ಅದರಲ್ಲೂ ಒಂದು ಮೂಲೆ ಹಿಡಿದು ಎತ್ತಿದಾಗಲೇ ನಿಲ್ಲುತ್ತಿದ್ದರೆ, ಬೋರ್ಡಿನಲ್ಲಿ ಎಲ್ಲೋ ಬೆಸುಗೆ ಬಿಟ್ಟಿದೆ. ಅದು ಮನೆಯ ಕೆಲಸವಲ್ಲ. ಚಿಪ್ ಮಟ್ಟದ ರಿಪೇರಿ ಮಾಡುವವರಿಗೆ ನಿಮ್ಮ ಹಾಳೆಯ ಸಮೇತ ಕೊಡಿ. ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ, ಪರೀಕ್ಷೆಗೆ ಅವರ ಹತ್ತಿರ ಬೇರೆ ಡಿಸ್ಕ್ ಇರುತ್ತದೆ.