ಘಟ್ಟಕ್ಕೆ ತಕ್ಕ ಮ್ಯಾಪ್: ಬೈಕಿನ ಇಸಿಯು ಟ್ಯೂನ್ ಮಾಡಿದ ನನ್ನ ಅನುಭವ

ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಘಟ್ಟ ಹತ್ತಿಳಿಯುವ ಬೈಕಿಗೆ ಗರಿಷ್ಠ ವೇಗದಿಂದ ಆಗುವ ಪ್ರಯೋಜನ ಅಲ್ಪ. ಹೇರ್‌ಪಿನ್ ತಿರುವು ಮುಗಿಯುತ್ತಿದ್ದಂತೆ ಎರಡನೇ ಗೇರಿನಲ್ಲಿ, 3,000ದಿಂದ 5,000 ಆರ್‌ಪಿಎಂ ನಡುವೆ, ಎಂಜಿನ್ ತಡವರಿಸದೆ ಎಳೆಯಬೇಕು. ನನ್ನ ಸಿಂಗಲ್ ಸಿಲಿಂಡರ್ ಬಿಎಸ್6 ಬೈಕನ್ನು ಟ್ಯೂನ್ ಮಾಡಲು ಹೊರಟಾಗ ನನಗಿದ್ದ ಗುರಿ ಇದೊಂದೇ.

ವಾಲ್ವ್ ಕ್ಲಿಯರೆನ್ಸ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ, ಏರ್ ಫಿಲ್ಟರ್ ಎಲ್ಲವನ್ನೂ ಮೊದಲು ಸರಿಪಡಿಸಿಕೊಂಡೆ. ಮಲೆನಾಡಿನ ಮಳೆಗಾಲ ಕಂಡ ಫಿಲ್ಟರನ್ನು ಹಾಗೆಯೇ ಇಟ್ಟುಕೊಂಡು ಮಾಡಿದ ಮ್ಯಾಪ್ (ಯಾವ ಆರ್‌ಪಿಎಂ, ಎಷ್ಟು ಥ್ರಾಟಲಿಗೆ ಎಷ್ಟು ಇಂಧನ ಎಂದು ಹೇಳುವ ಕೋಷ್ಟಕ), ಹೊಸ ಫಿಲ್ಟರ್ ಹಾಕಿದ ದಿನವೇ ಕೆಲಸಕ್ಕೆ ಬಾರದಾಗುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಮೂಲ ಇಸಿಯುವಿನ ತಂತ್ರಾಂಶವನ್ನು ನಾನು ಮುಟ್ಟಲಿಲ್ಲ. ಅದಕ್ಕೂ ಇಂಜೆಕ್ಟರ್, ಇಗ್ನಿಷನ್ ಕಾಯಿಲ್‌ಗಳಿಗೂ ನಡುವೆ ಕೂತು ಅದರ ಸಂಕೇತಗಳನ್ನು ತಿದ್ದುವ ಪಿಗ್ಗಿಬ್ಯಾಕ್ ಘಟಕವನ್ನು ಆರಿಸಿಕೊಂಡೆ. ಕಪ್ಲರ್ ಬಿಡಿಸಿದರೆ ಬೈಕ್ ಮೊದಲಿನ ಸ್ಥಿತಿಗೆ ಮರಳುತ್ತದೆ ಎಂಬುದು ನನಗೆ ದೊಡ್ಡ ಧೈರ್ಯ.

ಅಳತೆಯಿಲ್ಲದೆ ಇಂಧನ ಹೆಚ್ಚಿಸುವುದು ಟ್ಯೂನಿಂಗ್ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೈಕಿನಲ್ಲಿ ಬರುವ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮಿಶ್ರಣ ರಿಚ್ಚೋ (ಪೆಟ್ರೋಲ್ ಹೆಚ್ಚು) ಲೀನೋ (ಪೆಟ್ರೋಲ್ ಕಡಿಮೆ) ಎಂದಷ್ಟೇ ತಿಳಿಸುತ್ತದೆ, ಎಷ್ಟು ಎಂದು ತಿಳಿಸುವುದಿಲ್ಲ. ಆದ್ದರಿಂದ ಸೈಲೆನ್ಸರ್ ಬೆಂಡ್ ಪೈಪಿಗೆ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ, ಒಂದು ನಟ್ ವೆಲ್ಡ್ ಮಾಡಿಸಿ, ಎಷ್ಟು ಎಂಬುದನ್ನೂ ತಿಳಿಸುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದೆ. ಅದರ ಅಳತೆಯನ್ನು ಗಾಳಿ-ಪೆಟ್ರೋಲ್ ಅನುಪಾತದಲ್ಲಿ ನೋಡದೆ ಲ್ಯಾಂಬ್ಡಾದಲ್ಲಿ ನೋಡಿದೆ; ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಎಂಬುದೇ ಲ್ಯಾಂಬ್ಡಾ, 1ಕ್ಕಿಂತ ಕಡಿಮೆಯಾದರೆ ರಿಚ್. ಶುದ್ಧ ಪೆಟ್ರೋಲಿಗೆ 14.7 ಇರುವ ಸಮತೋಲನದ ಅನುಪಾತ, ಶೇಕಡಾ 20 ಎಥನಾಲ್ ಬೆರೆತಾಗ ಸುಮಾರು 13.5ಕ್ಕೆ ಇಳಿಯುತ್ತದೆ, ಬಂಕಿನಲ್ಲಿ ಯಾವ ಪೆಟ್ರೋಲ್ ಸಿಕ್ಕರೂ ಲ್ಯಾಂಬ್ಡಾ 1 ಎಂದರೆ ಸಮತೋಲನವೇ. ಓಡಿಸುತ್ತಾ ಅಂಕಿ ನೋಡುವುದು ಅಪಾಯ. ಲಾಗ್ ದಾಖಲಿಸಿಕೊಂಡು, ಬೈಕ್ ನಿಲ್ಲಿಸಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಪರಿಶೀಲಿಸುತ್ತಿದ್ದೆ.

ಥ್ರಾಟಲ್ ಕಡಿಮೆ ತೆರೆದು ಒಂದೇ ವೇಗದಲ್ಲಿ ಸಾಗುವಾಗ ಮೂಲ ಇಸಿಯು ತನ್ನ ಸೆನ್ಸರ್ ನೋಡಿಕೊಂಡು ಮಿಶ್ರಣವನ್ನು ತಾನೇ ತಿದ್ದುತ್ತಿರುತ್ತದೆ. ಅಲ್ಲಿ ನಾವು ಸೇರಿಸಿದ್ದನ್ನು ಅದು ಕಳೆಯುತ್ತದೆ. ಹಾಗಾಗಿ ಮ್ಯಾಪಿನ ಆ ಭಾಗದ ಕೋಶಗಳನ್ನೆಲ್ಲ ಸೊನ್ನೆಯಲ್ಲೇ ಬಿಟ್ಟೆ. ಕೆಲಸವಿದ್ದದ್ದು ಅದರಾಚೆ, ಥ್ರಾಟಲ್ ಹೆಚ್ಚು ತೆರೆಯುವ ಭಾಗದಲ್ಲಿ. ಸೋಮೇಶ್ವರದಿಂದ ಆಗುಂಬೆಗೆ ಏರುವ ಹದಿನಾಲ್ಕು ತಿರುವುಗಳು ಒಂದೇ ಬಗೆಯ ಭಾರವನ್ನು ಮತ್ತೆ ಮತ್ತೆ ಕೊಡುವುದರಿಂದ ಇದಕ್ಕೆ ಒಳ್ಳೆಯ ಪರೀಕ್ಷಾ ದಾರಿ. 3,500 ಆರ್‌ಪಿಎಂ, ಶೇಕಡಾ 40 ಥ್ರಾಟಲಿನಲ್ಲಿ ಲ್ಯಾಂಬ್ಡಾ 0.97 ತೋರುತ್ತಿತ್ತು, ಶೇಕಡಾ 7ರಷ್ಟು ಇಂಧನ ಸೇರಿಸಿದಾಗ 0.91ಕ್ಕೆ ಬಂದು, ತಿರುವಿನ ನಂತರದ ತಡವರಿಕೆ ಹೋಯಿತು. ಅಕ್ಕಪಕ್ಕದ ಕೋಶಗಳ ಅಂಕಿಗಳನ್ನು ಹಂತ ಹಂತವಾಗಿ ಬದಲಾಗುವಂತೆ ಹೊಂದಿಸಬೇಕು, ಇಲ್ಲದಿದ್ದರೆ ಥ್ರಾಟಲ್ ತಿರುಗಿಸುವಾಗ ಬೈಕ್ ಜಗ್ಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಮಿಶ್ರಣ ಆಗಲೇ 0.87ರ ಸುಮಾರಿಗಿತ್ತು, ಅದನ್ನು ಬದಲಿಸಲು ಕಾರಣವೇ ಇರಲಿಲ್ಲ.

ಇಗ್ನಿಷನ್ ವಿಷಯದಲ್ಲಿ ಆಸೆಗೆ ಮಿತಿ ಬೇಕು. ಮಧ್ಯಮ ಥ್ರಾಟಲಿನಲ್ಲಿ ಒಂದು ಡಿಗ್ರಿಯಷ್ಟೇ ಅಡ್ವಾನ್ಸ್ ಕೊಟ್ಟೆ, ಅಂದರೆ ಕಿಡಿ ಅಷ್ಟು ಮುಂಚೆ ಹಾರುವಂತೆ ಮಾಡಿದೆ. ಕಡಿಮೆ ಆರ್‌ಪಿಎಂನಲ್ಲಿ ಥ್ರಾಟಲ್ ಪೂರ್ತಿ ತೆರೆದು ಏರು ಹತ್ತುವಾಗ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಕುಟ್ಟಿದಂತೆ ಸದ್ದಾಗುವುದು) ಸಾಧ್ಯತೆ ಅತಿ ಹೆಚ್ಚು. ಪಿಸ್ಟನ್ ಹಾಳಾಗುವುದೂ ಅಲ್ಲಿಯೇ. ಆ ಕೋಶಗಳಿಗೆ ಏನನ್ನೂ ಸೇರಿಸಲಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಟ್ಟ ಹತ್ತಿ ಎಂಜಿನ್ ಸದ್ದನ್ನು ಕಿವಿಗೊಟ್ಟು ಕೇಳಿದ ಮೇಲೆಯೇ ಮ್ಯಾಪನ್ನು ಅಂತಿಮಗೊಳಿಸಿದೆ.

ಎತ್ತರದ ಪರಿಣಾಮವನ್ನೂ ನೋಡಬೇಕಿತ್ತು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 80ರಷ್ಟು ಮಾತ್ರ. ನನ್ನ ಬೈಕಿನ ಇಸಿಯು ಒತ್ತಡದ ಸೆನ್ಸರಿನಿಂದ ಮೂಲ ಇಂಧನವನ್ನು ತಗ್ಗಿಸುವುದರಿಂದ ಮತ್ತು ನನ್ನ ಬದಲಾವಣೆ ಅದರ ಮೇಲಿನ ಶೇಕಡಾವಾರು ಆಗಿರುವುದರಿಂದ, ಆ ದಾರಿಯ ಲಾಗಿನಲ್ಲೂ ಲ್ಯಾಂಬ್ಡಾ ಹೆಚ್ಚು ಕದಲಲಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಜಾಗದಲ್ಲೇ ಇದೆ. ಸಮತಟ್ಟು ರಸ್ತೆಯ ಮೈಲೇಜ್ ಮೊದಲಿನಂತೆಯೇ ಉಳಿದಿದೆ. ಘಟ್ಟ ಹತ್ತುವಾಗ ಪೆಟ್ರೋಲ್ ತುಸು ಹೆಚ್ಚು ಹಿಡಿಯುತ್ತದೆ, ಆ ಎಳೆತಕ್ಕೆ ಅದು ನನಗೆ ಒಪ್ಪಿಗೆಯಾದ ಬೆಲೆ.