ನಲವತ್ತು ಡಿಗ್ರಿ ಬಿಸಿಲಲ್ಲಿ ಒದ್ದೆ ಹಾಳೆ: ಜಲವರ್ಣ ಸ್ಕೆಚ್ಚಿನ ನನ್ನ ಅನುಭವ

"ವಿಜಯಪುರದ ಬಿಸಲಾಗ ವೆಟ್ ಆನ್ ವೆಟ್ ಆಗೂದಿಲ್ಲ ಬಿಡ್ರಿ, ಸುಮ್ನ ಗ್ವಾಷ್ ಹಚ್ರಿ" ಅಂತ ಬೆಳಗಾವಿ ಕಡೆಯ ಗೆಳೆಯರು ಹೇಳುತ್ತಲೇ ಬಂದರು (ವೆಟ್ ಆನ್ ವೆಟ್ ಅಂದರೆ ಒದ್ದೆ ಹಾಳೆಗೆ ಒದ್ದೆ ಬಣ್ಣ ಹಚ್ಚುವುದು, ಗ್ವಾಷ್ ಅಂದರೆ ಕೆಳಗಿನದನ್ನು ಮುಚ್ಚುವ ಗಟ್ಟಿ ನೀರುಬಣ್ಣ). ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ 12ರ ಮೇಲೆ ಬಾರಾ ಕಮಾನಿನ ಮುಂದೆ ಹಾಸಿದ ಹಾಳೆ 35 ನಿಮಿಷ ಒದ್ದೆಯಾಗಿ ನಿಂತಿದೆ. ಚಿತ್ರದ ಆಕಾಶದಲ್ಲಿ ಒಂದು ಗಡುಸು ಗೆರೆ ಹುಡುಕಿ ತೋರಿಸಲಿ ನೋಡೋಣ. ಎರಡು ಬೇಸಿಗೆ, ಅರವತ್ತರ ಸುಮಾರು ಕಾಗದದ ತುಂಡು, ಅಂದಾಜು 4,000 ರೂಪಾಯಿ ನೀರಿಗೆ ಹಾಕಿದ ಮೇಲೆ ಕೈಗೆ ಹತ್ತಿದ ದಾರಿ ಇದು. ವಾಷ್ (ನೀರಾದ ಬಣ್ಣದ ತೆಳು ಪದರ) ಎಳೆಯುವುದು, ಬ್ರಷ್ ಆರಿಸುವುದು ಗೊತ್ತಿರುವವರಿಗಷ್ಟೇ ಬರೆಯುತ್ತಿದ್ದೇನೆ.

ಇಲ್ಲಿ ಕಷ್ಟ ಒಂದೇ, ಹೊತ್ತು ಸಾಲುವುದಿಲ್ಲ. ಒಣ ಹಾಳೆಗೆ ಮೇಲಿನಿಂದ ನೀರು ಬಳಿದು ಶುರು ಮಾಡಿದರೆ ಸಿಗುವುದು ಒಂದೂವರೆ ನಿಮಿಷ. ಆಕಾಶ ಎಡದಿಂದ ಬಲಕ್ಕೆ ಮುಟ್ಟುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ಕೂತಿರುತ್ತದೆ. ಸ್ಪ್ರೇ ಬಾಟಲಿ ಹೊಡೆದರೆ ಅರೆ ಒಣಗಿದ ಜಾಗದಲ್ಲಿ ಹನಿ ಬಿದ್ದು ಮೈಲಿ ಬಂದ ಮುಖದ ಹಾಗೆ ಚುಕ್ಕೆ. ಆಮೇಲೆ ಗ್ಲಿಸರಿನ್ ಹಿಡಿದದ್ದಾಯಿತು. 50 ಎಂ.ಎಲ್. ನೀರಿಗೆ 20 ಹನಿ ಹಾಕಿದರೆ ಬಣ್ಣ ಒಣಗುವುದು ನಿಧಾನವಾಯಿತು ನಿಜ, ಆದರೆ ಮೂರು ದಿನವಾದರೂ ಮೇಲ್ಮೈ ಜಿಗುಟು. ಊರ ಧೂಳೆಲ್ಲ ಅಂಟಿತು, ಫೈಲಿನಲ್ಲಿಟ್ಟ ಹಾಳೆಗಳು ಒಂದಕ್ಕೊಂದು ಹತ್ತಿಕೊಂಡವು. ಅದೇ ಹಾಳೆ ಜುಲೈನಲ್ಲಿ ಬೆಳಗಾವಿಗೆ ಹೋದರೆ ಮಳೆಯ ತೇವ ಹೀರಿ ಬೂಸ್ಟು ಹಿಡಿಯಿತು. ಈಗ ಹಾಕುವುದು 50 ಎಂ.ಎಲ್.ಗೆ ನಾಲ್ಕೇ ಹನಿ, ಅದೂ ಮಾರ್ಚ್‌ನಿಂದ ಮೇವರೆಗೆ ಮಾತ್ರ. ಜೊತೆಗೆ ಅಡುಗೆಮನೆಯ ಇನ್ನೊಂದು ಸಾಮಾನು ಚಿಟಿಕೆ ಬೀಳುತ್ತದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹಾಳೆಯನ್ನು ಎರಡೂ ಬದಿ ಪೂರಾ ನೆನೆಸಿ, ಅಕ್ರಿಲಿಕ್ ಶೀಟಿನ ಮೇಲೆ ಹಾಸುವ ಪದ್ಧತಿ. ಇದು ಹೊಸದಲ್ಲ, ಫ್ಯಾನ್ ಆರಿಸಿ ಮನೆಯೊಳಗೆ ಮಾಡುವವರು ಬಹಳ ಮಂದಿ ಇದ್ದಾರೆ. ಬಯಲಿನಲ್ಲಿ ನಿಲ್ಲಿಸುವುದಕ್ಕೇ ಎರಡು ಬೇಸಿಗೆ ಹೋದದ್ದು.

ಶೀಟು 3 ಎಂ.ಎಂ. ದಪ್ಪದ್ದು, ಬಿಳಿಯದು. ಬೋರ್ಡು ಬರೆಯುವವರ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು 70 ರೂಪಾಯಿಗೆ ಸಿಕ್ಕಿತು. ಹಾಳೆಗಿಂತ ಸುತ್ತಲೂ ಎರಡು ಬೆರಳು ದೊಡ್ಡದಿರಲಿ. ಮೊದಲು ಪ್ಲೈವುಡ್ ಇಟ್ಟರೆ ಅದು ನೀರು ಕುಡಿದದ್ದಲ್ಲದೆ ಕಂದು ಕಲೆಯನ್ನೂ ಹಾಳೆಗೆ ಬಿಟ್ಟಿತು. ಪಾರದರ್ಶಕ ಅಕ್ರಿಲಿಕ್ ಬೇಡ, ಒದ್ದೆ ಹಾಳೆಯ ಹಿಂದಿನಿಂದ ಪ್ಯಾಂಟಿನ ಬಣ್ಣ ಇಣುಕಿ ಟೋನ್ (ತಿಳಿ–ಗಾಢದ ಅಂದಾಜು) ತಪ್ಪಿಸುತ್ತದೆ. ಕಪ್ಪು ಶೀಟಂತೂ ಹತ್ತು ನಿಮಿಷದಲ್ಲಿ ಹಂಚಿನ ಹಾಗೆ ಕಾಯುತ್ತದೆ. ಬರೀ ಅಕ್ರಿಲಿಕ್ ಮೇಲೆ ಹಾಸಿದಾಗ ಸಿಕ್ಕಿದ್ದು 15 ನಿಮಿಷ, ಅಂಚುಗಳು ಮೊದಲು ಒಣಗಿ ಮೇಲೇಳುತ್ತಿದ್ದವು. ಹಳೆಯ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ, ನೆನೆಸಿ, ಹಿಂಡದೆ ಶೀಟಿಗೂ ಹಾಳೆಗೂ ನಡುವೆ ಹಾಕಿದ ದಿನದಿಂದ 35 ನಿಮಿಷ. ಬಟ್ಟೆ ಹಾಳೆಗಿಂತ ಒಂದು ಬೆರಳು ಹೊರಗೆ ಚಾಚಿರಬೇಕು. ಅಂಚನ್ನು ಒದ್ದೆ ಇಡುವುದು ಅದೇ. ಹೊಸ ಬಟ್ಟೆ ಆಗುವುದಿಲ್ಲ, ಗಂಜಿ ಇರುತ್ತದೆ. ಟವೆಲ್ಲಿನ ಎಳೆಯ ಗುರುತು ಹಾಳೆಯ ಮೇಲೆ ಮೂಡುತ್ತದೆ.

ಕಾಗದ ಪೂರ್ತಿ ಹತ್ತಿಯದೇ ಬೇಕು, ಕೋಲ್ಡ್ ಪ್ರೆಸ್, ಅಂದರೆ ತುಸು ಒರಟು ಮೈಯದು. ಮರದ ತಿರುಳಿನ ಕಾಗದ ನೆನೆದರೆ ಬ್ರಷ್ ತಾಗಿದಲ್ಲೆಲ್ಲ ಉಂಡೆಉಂಡೆಯಾಗಿ ಎದ್ದುಬರುತ್ತದೆ. ಎರಡೂ ಬದಿ ಒದ್ದೆ ಇರುವುದರಿಂದ ಸುಕ್ಕಿನ ಭಯವಿಲ್ಲ, 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದಕ್ಕೆ ದುಡ್ಡು ಸುರಿಯದೆ 200ರಲ್ಲೂ ಸಾಗುತ್ತದೆ. 56×76 ಸೆಂ.ಮೀ. ಪೂರ್ಣ ಹಾಳೆಯನ್ನು ಎಂಟು ಮಾಡಿದರೆ 19×28ರ ತುಂಡು. ದೇಶಿ ಕೈಕಾಗದವಾದರೆ ತುಂಡಿಗೆ 15–20 ರೂಪಾಯಿ ಬೀಳುತ್ತದೆ, ಹೊರದೇಶದ್ದಾದರೆ 80ರ ಮೇಲೆ. ಕಲಿಯುವಾಗ ದೇಶಿಯದನ್ನೇ ಹಾಳು ಮಾಡಿ.

ನೆನೆಸುವ ನೀರಿನಲ್ಲೇ ಅರ್ಧ ಕಾಗದ ಕೆಟ್ಟದ್ದು. ಅನೇಕ ಒಳ್ಳೆಯ ಹತ್ತಿ ಕಾಗದಗಳಿಗೆ ಜೆಲಟಿನ್ ಸೈಜಿಂಗ್ (ಅಂಟಿನ ಲೇಪ) ಇರುತ್ತದೆ, ಬಣ್ಣವನ್ನು ಮೇಲೆ ಹಿಡಿದು ನಿಲ್ಲಿಸುವುದು ಅದೇ. ಜೆಲಟಿನ್ ಬಿಸಿ ನೀರಿಗೆ ಕರಗುತ್ತದೆ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ಟಾಕಿಯಿಂದ ನಳಕ್ಕೆ ಬರುವ ನೀರಿನಲ್ಲಿ ಕೈ ಇಟ್ಟು ನೋಡಿ, ಸ್ನಾನಕ್ಕೆ ಕಾಯಿಸುವುದೇ ಬೇಡ. ಅದರಲ್ಲಿ ಅರ್ಧ ಗಂಟೆ ನೆನೆಸಿದ ಹಾಳೆ ಒತ್ತುಕಾಗದದ ಹಾಗೆ ಬಣ್ಣ ಹೀರಿತು, ಒಣಗಿದ ಮೇಲೆ ಎಲ್ಲ ಬೂದಿ. ಎಷ್ಟೋ ದಿನ ಕಾಗದ ನಕಲಿ ಇರಬೇಕು ಅಂತ ಅಂಗಡಿಯವರನ್ನೇ ಬೈದದ್ದಾಯಿತು. ಈಗ ರಾತ್ರಿ ಹರವಿಯಲ್ಲಿ (ಮಣ್ಣಿನ ಕೊಡದಲ್ಲಿ) ತುಂಬಿಟ್ಟ ತಣ್ಣನೆಯ ನೀರು, ಬೆಳಿಗ್ಗೆ 6ಕ್ಕೆ, ಬರೀ ಏಳೆಂಟು ನಿಮಿಷ. ಮೂಲೆ ಹಿಡಿದು ಎತ್ತಿದರೆ ಹಾಳೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳಬೇಕು. ನಡುವೆ ಬಿರುಸಾಗಿ ನಿಂತರೆ ಇನ್ನೆರಡು ನಿಮಿಷ ಬಿಡಿ.

ಬೋರಿನ ನೀರು ಬೇಡವೇ ಬೇಡ. ಸವಳು ನೀರಿಗೆ ಅಲ್ಟ್ರಾಮರೀನ್ ನೀಲಿ ಒಡೆದ ಹಾಲಿನಂತೆ ಕಣಕಣ ಆಗುತ್ತದೆ, ಪ್ಯಾಲೆಟ್ಟಿನ ಗುಂಡಿಯಲ್ಲಿ ಬಿಳಿ ಪೊರೆ ಕೂರುತ್ತದೆ. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ತಂದು, ಒಂದೇ ಹಾಳೆಯ ಎಡಕ್ಕೆ ಅದು, ನಡುವೆ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು, ಬಲಕ್ಕೆ ಬೋರ್ ನೀರು ಬಳಸಿ ಒಂದೇ ನೀಲಿ ಎಳೆದಿಟ್ಟಿದ್ದೇನೆ. ಮೊದಲೆರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ, ಮೂರನೆಯದು ಮೋಡ ಕವಿದಂತಿದೆ. ಹಾಗಾಗಿ ಕ್ಯಾನಿನ ನೀರೇ ಸಾಕು, ಅದನ್ನೇ ಹರವಿಗೆ ತುಂಬುವುದು.

ನೆನೆದ ನಾಲ್ಕು ಹಾಳೆ, ಧೋತರದ ತುಂಡು ಎರಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟಿಫಿನ್ ಚೀಲದ ತಳದಲ್ಲಿಟ್ಟರೆ ಐದಾರು ತಾಸು ಹಾಗೇ ಇರುತ್ತವೆ. ಮರುದಿನಕ್ಕೆ ಇಟ್ಟುಕೊಂಡರೆ ಮುಗ್ಗಲು ವಾಸನೆ, ಸೈಜಿಂಗೂ ಸಡಿಲ. ಒದ್ದೆ ಹಾಳೆಯ ಮೇಲೆ ಪೆನ್ಸಿಲ್ ಒತ್ತಬೇಡಿ. ಮೊನೆ ತೋಡಿದ ಗೆರೆಯಲ್ಲಿ ಬಣ್ಣ ಹೋಗಿ ಕೂತು ಕಪ್ಪು ದಾರದಂತೆ ಕಾಣುತ್ತದೆ. ತೆಳು ಅಲ್ಟ್ರಾಮರೀನಿನಲ್ಲಿ 4ನೇ ನಂಬರ್ ಬ್ರಷ್ಷಿನಿಂದಲೇ ನಕ್ಷೆ ಹಾಕಿ. ಇಂಕಿನ ಗೆರೆ ಬೇಕಾದರೆ ಪೂರ್ತಿ ಒಣಗಿದ ಮೇಲೆ.

ಬಾರಾ ಕಮಾನನ್ನೇ ತೆಗೆದುಕೊಳ್ಳಿ. ಎರಡನೇ ಅಲಿ ಆದಿಲ್‌ಶಾಹಿಯ ಮುಗಿಯದ ಸಮಾಧಿ, ಚಾವಣಿ ಇಲ್ಲ, ಕಮಾನುಗಳ ಸಾಲಷ್ಟೇ. ಒಳಗಿಂದಲೂ ಹೊರಗಿಂದಲೂ ಅದೇ ಆಕಾಶ ಕಾಣುವುದರಿಂದ ಆಕಾಶವನ್ನು ತುಂಡು ಮಾಡದೆ ಇಡೀ ಹಾಳೆಗೆ ಒಮ್ಮೆಲೇ ಎಳೆಯಬೇಕು. ಬಟ್ಟೆ ಹಾಸಿ, ಹಾಳೆಯನ್ನು ಒಂದು ಅಂಚಿನಿಂದ ಇಳಿಸುತ್ತಾ, ಅಗಲ ಬ್ರಷ್ಷಿನಿಂದ ನಡುವಿನಿಂದ ಹೊರಕ್ಕೆ ಗಾಳಿ ಓಡಿಸಬೇಕು. ಗುಳ್ಳೆ ಉಳಿದ ಜಾಗ ಐದೇ ನಿಮಿಷದಲ್ಲಿ ಒಣಗಿ ಬಿಳಿಚುತ್ತದೆ. ನಾಲ್ಕು ಕ್ಲಿಪ್ಪು. ಮೊದಲ ನಾಲ್ಕು ನಿಮಿಷ ನೀರು ಮಿಂಚುವಾಗ ಏನೂ ಹಚ್ಚಬಾರದು, ಹಚ್ಚಿದ್ದೆಲ್ಲ ಹರಿದುಹೋಗುತ್ತದೆ. ಮಿಂಚು ಕಡಿಮೆಯಾಗಿ ರೇಷ್ಮೆಯ ಹೊಳಪು ಬಂದಾಗ ಆಕಾಶ: ಕೆಳಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ತೀರ ತೆಳು, ಮೇಲೆ ಅಲ್ಟ್ರಾಮರೀನ್. 10ನೇ ನಿಮಿಷಕ್ಕೆ ಕಲ್ಲು. 18ರ ಹೊತ್ತಿಗೆ ಕಮಾನಿನ ಒಳನೆರಳು, 25ರ ಮೇಲೆ ಹುಲ್ಲುಹಾಸು, ಕೂತ ಜನ. ಅಂಚು ಗಡುಸಾಗಬೇಕಾದ್ದು ಎರಡೋ ಮೂರೋ ಕಡೆ. ಅದಕ್ಕೆ ಹಾಳೆಯನ್ನು ಬಟ್ಟೆಯಿಂದ ಎತ್ತಿ ಒಣ ಶೀಟಿನ ಮೇಲೆ ಹಾಕಿದರೆ ಬಿಸಿಲೇ ಐದು ನಿಮಿಷದಲ್ಲಿ ಒಣಗಿಸಿಕೊಡುತ್ತದೆ.

ಬಣ್ಣದ ಹದ ಊಟದ ಲೆಕ್ಕದಲ್ಲೇ ನೆನಪಿಡುವುದು ಸುಲಭ. ಆಕಾಶಕ್ಕೆ ಕಟ್ಟಿನ ಸಾರು, ಕಲ್ಲಿಗೆ ಅಂಬಲಿ, ಒಳನೆರಳಿಗೆ ಝುಣಕ. ಬ್ರಷ್ಷಿನಲ್ಲಿರುವ ನೀರು ಯಾವಾಗಲೂ ಹಾಳೆಯಲ್ಲಿರುವುದಕ್ಕಿಂತ ಕಡಿಮೆ ಇರಬೇಕು. ತೊಳೆದ ಬ್ರಷ್ಷನ್ನು ಪ್ರತಿ ಸಲ ಚಿಂದಿಗೆ ಒತ್ತದೆ ಹಾಳೆಗೆ ತಾಗಿಸಿದರೆ ಹೂಕೋಸಿನಂಥ ಕಲೆ ಅರಳುತ್ತದೆ, ಒಮ್ಮೆ ಅರಳಿದ್ದನ್ನು ಮುಚ್ಚುವ ಉಪಾಯವಿಲ್ಲ. ನೆನೆದ ಹಾಳೆಯಲ್ಲಿ ಬಣ್ಣ ಒಣಗಿದ ಮೇಲೆ ಕಾಲುಭಾಗ ತೆಳುವಾಗುತ್ತದೆ, ಆದ್ದರಿಂದ ಧೈರ್ಯ ಮಾಡಿ ಗಟ್ಟಿ ಹಚ್ಚಿ. ಹಾಳೆಯ ಮೇಲೆ ನೇರ ಬಿಸಿಲು ಬೀಳಬಾರದು. ಕಣ್ಣು ಕುಕ್ಕಿ ಎಲ್ಲವನ್ನೂ ಕಪ್ಪು ಮಾಡಿಬಿಡುತ್ತೀರಿ, ಮನೆಗೆ ಬಂದು ನೋಡಿದರೆ ರಾತ್ರಿ ದೃಶ್ಯ. ಕೊಡೆ ಕಪ್ಪೇ ಇರಲಿ. ಬಣ್ಣದ ಕೊಡೆ ತನ್ನ ಬಣ್ಣವನ್ನು ಹಾಳೆಗೆ ಚೆಲ್ಲುತ್ತದೆ.

ಗೋಲ ಗುಮ್ಮಟ, ಬಾರಾ ಕಮಾನಿನ ಕರಿಕಲ್ಲಿಗೆ ಅಲ್ಟ್ರಾಮರೀನ್ (ಟ್ಯೂಬಿನ ಮೇಲಿನ ವರ್ಣದ್ರವ್ಯ ಸಂಕೇತ ಪಿಬಿ 29) ಎರಡು ಪಾಲು, ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ (ಪಿಬಿಆರ್ 7) ಒಂದು ಪಾಲು. ಪ್ಯಾಲೆಟ್ಟಿನಲ್ಲಿ ಪೂರ್ತಿ ಕಲಸಬೇಡಿ, ಹಾಳೆಯ ಮೇಲೆ ಕೂಡಿಕೊಳ್ಳಲಿ. ಅಲ್ಟ್ರಾಮರೀನಿನ ಕಣ ಕಾಗದದ ತಗ್ಗಿನಲ್ಲಿ ಇಳಿದು ಕೂತಾಗ ಕಲ್ಲಿನ ಮೈ ತಾನಾಗಿ ಬರುತ್ತದೆ. ಬಾದಾಮಿಯ ಮರಳುಗಲ್ಲಿಗೆ ಪಾಲು ತಿರುಗಿಸಿ: ಸಿಯೆನ್ನಾ ಮೂರು, ಓಕರ್ ಒಂದು, ನೆರಳಿಗೆ ಮಾತ್ರ ನೀಲಿ. ಟ್ಯೂಬಿನ ಕಪ್ಪು ಮುಟ್ಟಿದರೆ ಆ ಬಂಡೆ ಸತ್ತೇ ಹೋಗುತ್ತದೆ. ಅಲ್ಲಿನ ಅಗಸ್ತ್ಯ ತೀರ್ಥ ಕೆರೆಯ ಹಸಿರು ನೀರಿಗೂ ಓಕರ್ ಮತ್ತು ಅಲ್ಟ್ರಾಮರೀನೇ ಸಾಕು, ಹಸಿರು ಟ್ಯೂಬು ಬೇಕಿಲ್ಲ. ಬಾದಾಮಿಯಲ್ಲಿ ಮಂಗಗಳಿಂದ ಜಿಪ್ ಚೀಲ ಕಾಯುವುದೇ ಬೇರೆ ಕೆಲಸ. ಪ್ಲಾಸ್ಟಿಕ್ ಸದ್ದು ಕೇಳಿದರೆ ತಿನಿಸು ಅಂತಲೇ ಅವುಗಳ ತಿಳುವಳಿಕೆ.

ಸಂತೆ, ಟಾಂಗಾ ಸ್ಟ್ಯಾಂಡು, ಖಾನಾವಳಿಯ ಸ್ಕೆಚ್ಚಿಗೂ ಇದೇ ಹಾಳೆ, ಆದರೆ ಬಟ್ಟೆ ಇಲ್ಲದೆ. ಜನ ಅಷ್ಟು ಹೊತ್ತು ನಿಲ್ಲುವುದಿಲ್ಲ, 15 ನಿಮಿಷ ಸಾಕು. ಇಳಕಲ್ ಸೀರೆಯ ಕೆಂಪು ಟೋಪ್ ಸೆರಗಿನ ಬಿಳಿ ತೆನಿ (ಹಲ್ಲಿನಂಥ ಚೂಪು ಸಾಲು) ಉಳಿಸಲು ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಜಾಗ ಮುಚ್ಚಿಡುವ ರಬ್ಬರ್ ದ್ರವ) ಹಚ್ಚಿ ಕೆಟ್ಟೆ. ಬಿಸಿಲಿಗೆ ರಬ್ಬರ್ ಕಾಗದಕ್ಕೇ ಬೆಂದು, ಕೀಳುವಾಗ ಚರ್ಮ ಸಹಿತ ಎದ್ದುಬಂತು. ಒದ್ದೆ ಹಾಳೆಗೆ ಅದು ಹೇಗೂ ಹಿಡಿಯುವುದಿಲ್ಲ. ಕೊನೆಗೆ ಒಣಗಿದ ಮೇಲೆ ಬಿಳಿ ಗ್ವಾಷಿನಿಂದ 0 ನಂಬರ್ ಬ್ರಷ್ಷಿನಲ್ಲಿ ಐದಾರು ಹಲ್ಲು ಬರೆದರೆ ಸೆರಗು ಸೆರಗೇ. ಎಲ್ಲ ಹಲ್ಲು ಎಣಿಸಿ ಬರೆಯಲು ಹೋದರೆ ಸೀರೆ ಕ್ಯಾಟಲಾಗು ಆಗುತ್ತದೆ. ರೊಟ್ಟಿ ತಟ್ಟುವ ಕೈಯ ಹಿಟ್ಟಿನ ಬಿಳುಪು ಮಾತ್ರ ಕಾಗದದ್ದೇ ಇರಬೇಕು. ಅದನ್ನು ಒದ್ದೆಯಲ್ಲೇ ಹಿಂಡಿದ ಬ್ರಷ್ಷಿನಿಂದ ಎತ್ತಬಹುದು, ಯಾವ ನಿಮಿಷಕ್ಕೆ ಅನ್ನುವುದನ್ನು ನಿಮ್ಮ ಕೈಯೇ ಹುಡುಕಲಿ.

ನಡುವೆ ಬಣ್ಣವನ್ನೇ ಮಾಡಿ ನೋಡಿದ್ದೂ ಆಯಿತು. ಅಂಗಡಿಯ ಕೆಮ್ಮಣ್ಣು ತಂದು, ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿಯುವುದು. ಹೀಗೆ ಮೂರು ಸಲ. ತಳಕ್ಕೆ ಉಳಿದ ಮರಳು ಚೆಲ್ಲಿ, ಬಸಿದದ್ದನ್ನು ಒಣಗಿಸಿ ಗಾಜಿನ ಮೇಲೆ ಅರೆಯಬೇಕು. ಅಂಟಿಗೆ ಕರದಂಟಿನವರು ಕೊಳ್ಳುವ ಅಂಟನ್ನೇ ಹುಡುಕಿದೆ. ನೀರಿಗೆ ಹಾಕಿ ರಾತ್ರಿ ಬಿಟ್ಟಾಗ ಪೂರ್ತಿ ಕರಗಿದರೆ ಬಣ್ಣಕ್ಕೆ ಬರುತ್ತದೆ, ಉಬ್ಬಿ ಲೋಳೆಯಾಗಿ ನಿಂತರೆ ಅದು ಬೇರೆ ಜಾತಿಯದು, ಉಪಯೋಗವಿಲ್ಲ. ಅಂಟಿನ ನೀರು ನಾಲ್ಕು ಪಾಲಿಗೆ ಜೇನು ಒಂದು ಪಾಲು. ಜೇನು ಕಡಿಮೆಯಾದರೆ ನಮ್ಮ ಒಣ ಹವೆಗೆ ಪ್ಯಾನಿನ (ಬಣ್ಣ ತುಂಬುವ ಪುಟ್ಟ ಬಟ್ಟಲಿನ) ಬಣ್ಣ ಕೆರೆಯ ತಳದಂತೆ ಬಿರಿಯುತ್ತದೆ. ಹತ್ತು ಪ್ಯಾನಿಗೆ ಖರ್ಚು 150 ದಾಟಲಿಲ್ಲ. ಕೆಂಪು ಚೆನ್ನಾಗಿದೆ, ಕರಿ ಎರಿ ಮಣ್ಣಿನ ಪ್ರಯತ್ನ ಮಾತ್ರ ಕೆಸರಾಯಿತು.

ಬೆಳಗಾವಿಯ ಜುಲೈಗೆ ಇದೆಲ್ಲ ತಿರುಗುಮುರುಗು. ಅಲ್ಲಿ ಗ್ಲಿಸರಿನ್ ಬಿಡಿ, ಬಟ್ಟೆ ಬಿಡಿ, ಒಣ ಹಾಳೆಗೆ ಮೇಲಷ್ಟೇ ನೀರು. ಆದರೂ ಒಂದು ವಾಷ್ ಒಣಗಲು 40 ನಿಮಿಷ. ನಿಲ್ಲಿಸಿದ ಬೈಕಿನ ಎಂಜಿನ್ನಿನ ಬಿಸಿಗೆ ಹಿಡಿದರೆ ಬೇಗ ಒಣಗುತ್ತದೆ, ಗೇಣು ದೂರ ಇಟ್ಟರೆ ಮಾತ್ರ.

ಎರಡನೇ ಇಬ್ರಾಹಿಂ ಆದಿಲ್‌ಶಾಹಿ (1580–1627) ಕಾಲದ ವಿಜಯಪುರದ ಚಿತ್ರಕಾರರು ಉಜ್ಜಿ ನುಣುಪಾಗಿಸಿದ ಕಾಗದಕ್ಕೆ ಗಟ್ಟಿ ಬಣ್ಣವನ್ನು ಪದರ ಪದರವಾಗಿ ಹಚ್ಚಿದವರು. ಈ ಹವೆ ಕಂಡವರಿಗೆ ಅದು ಒಪ್ಪುವ ಮಾತೇ. ನನ್ನ ಪದ್ಧತಿಗೂ ಒಂದು ಜಾಗದಲ್ಲಿ ಸೋಲಿದೆ: ಗೋಲ ಗುಮ್ಮಟದ ಏಳು ಅಂತಸ್ತು ಹತ್ತಿದ ಮೇಲಿನ ಬಯಲು. ಅಲ್ಲಿನ ಗಾಳಿಗೆ 35 ನಿಮಿಷದ ಹಾಳೆ ಹನ್ನೆರಡರಲ್ಲಿ ಮುಗಿಯುತ್ತದೆ, ಒದ್ದೆ ಧೋತರ ಕ್ಲಿಪ್ಪು ಸಹಿತ ಹಾರುತ್ತದೆ. ಅಲ್ಲಿಗೆ ಮಾತ್ರ ಗೆಳೆಯರಿಗೆ ಹೇಳದೆ ಗ್ವಾಷ್ ಒಯ್ಯುತ್ತೇನೆ.